ಕರಿಜೀರಿಗೆ ಅಂದರೆ ಯಾವುದು? ಗಿಡಗಳ ಹೆಸರು ನಡೆದು ಬಂದ ದಾರಿ

ನೀವು ಯಾವ ಊರಲ್ಲಾದರೂ ಇರಿ, ಒಮ್ಮೆ ಮೂರು ಬೇರೆ ಬೇರೆ ಕಿರಾಣಿ ಅಂಗಡಿಗೆ ಹೋಗಿ "ಕರಿಜೀರಿಗೆ ಕೊಡಿ" ಅಂತ ಕೇಳಿ ನೋಡಿ. ಒಬ್ಬರು ಎಳ್ಳಿನಂಥ ಕಡುಕಪ್ಪು ಬೀಜ ಕೊಡಬಹುದು. ಇನ್ನೊಬ್ಬರು ಬಿರಿಯಾನಿಗೆ ಹಾಕುವ ಶಾಜೀರಾ ತೂಗಬಹುದು. ಮೂರನೆಯವರು ಬಾಯಿಗಿಟ್ಟ ಕೂಡಲೇ ಉಗುಳಬೇಕೆನಿಸುವ ಕಹಿ ಕಾಡುಜೀರಿಗೆಯನ್ನೇ ಪೊಟ್ಟಣ ಕಟ್ಟಬಹುದು. ಮೂವರಲ್ಲಿ ಯಾರೂ ಮೋಸ ಮಾಡುತ್ತಿಲ್ಲ. ಅವರವರು ಕಲಿತ ಹೆಸರಿನ ಪ್ರಕಾರ ಅವರವರು ಸರಿ.

ನಮ್ಮ ಮನೆಯಲ್ಲಿ ಈ ಪಾಠ ಆದದ್ದು ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ. ನಾವು ಕಲಬುರಗಿ ಕಡೆಯವರು. ಊರಿಂದ ಹುಮನಾಬಾದ್, ಜಹೀರಾಬಾದ್ ದಾಟಿ ಬರುವ ಮುಂಬೈ ಹೆದ್ದಾರಿ ಕೂಕಟ್‌ಪಲ್ಲಿಯ ನಡುವಿಂದಲೇ ಹಾದುಹೋಗುತ್ತದೆ. ಹಾಗಾಗಿ ನಮ್ಮ ಕಡೆಯ ಎಷ್ಟೋ ಜನ ಕೆಲಸ ಹುಡುಕಿ ಬಂದವರು ಇಲ್ಲೇ ಇಳಿದು ಇಲ್ಲೇ ಉಳಿದರು. ಮನೆಯೊಳಗೆ ದಖನಿ ಉರ್ದು, ಓದು ಬರಹಕ್ಕೆ ಕನ್ನಡ, ಬೀದಿಗಿಳಿದರೆ ತೆಲುಗು. ಮೂರು ಭಾಷೆ ಬರುತ್ತದೆ ಅಂತ ನಮಗೆ ಸ್ವಲ್ಪ ಜಂಬವೂ ಇತ್ತು ಅನ್ನಿ.

ಅಮ್ಮಿಗೆ ಮಂಡಿನೋವು. ಯಾರೋ ಕಲೋಂಜಿ ಪುಡಿ ಜೇನಿನಲ್ಲಿ ಕಲಸಿ ತಿನ್ನಿ ಅಂದರು. ಅಮ್ಮಿ ತಾವೇ ಅಂಗಡಿಗೆ ಹೋದರು. ಗಲ್ಲಾದ ಮುಂದಿದ್ದ ಹುಡುಗ ಹೊಸಬ, ಉತ್ತರದ ಕಡೆಯವನು. "ಕಲೋಂಜಿ" ಅಂದದ್ದು ಆ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. "ಅದೇ ಬೇಟಾ, ಕಾಲಾ ಜೀರಾ" ಅಂದರು ಅಮ್ಮಿ. ಅವನು "ಕಾಲಿ ಜೀರಿ" ಅಂತ ಕೇಳಿಸಿಕೊಂಡು ಕಾಲು ಕಿಲೋ ಕಟ್ಟಿಕೊಟ್ಟ. ಅಮ್ಮಿ ಪುಡಿ ಮಾಡಿ ಖಾಲಿ ಹೊಟ್ಟೆಯಲ್ಲಿ ಎರಡು ಚಮಚ ತಿಂದರು. "ಔಷಧಿ ಅಂದಮೇಲೆ ಕಹಿ ಇರಲೇಬೇಕಲ್ಲ" ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡು ನುಂಗಿದರಂತೆ. ಮಧ್ಯಾಹ್ನದೊಳಗೆ ವಾಂತಿ, ಹೊಟ್ಟೆನೋವು. ರಾತ್ರಿ ಆಸ್ಪತ್ರೆಯಲ್ಲಿ ಕಳೆದೆವು. ಅಲ್ಲಾಹನ ದಯೆ, ಅಷ್ಟಕ್ಕೇ ಮುಗಿಯಿತು.

ಮರುದಿನ ಆ ಪೊಟ್ಟಣ ತೆಗೆದುಕೊಂಡು ಪರಿಚಯದ ಹಕೀಮರೊಬ್ಬರ ಹತ್ತಿರ ಹೋದೆ. ಅವರು ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ನೋಡಿ, "ಇದು ಕಲೋಂಜಿಯೇ ಅಲ್ಲವಲ್ಲಪ್ಪ" ಅಂದರು. ಬೇರೆ ಎರಡು ಡಬ್ಬಿ ತರಿಸಿ ಮೂರೂ ಬೀಜಗಳನ್ನು ಕಾಗದದ ಮೇಲೆ ಸಾಲಾಗಿ ಇಟ್ಟು ತೋರಿಸಿದರು. ನಿಮಗೂ ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಕಲೋಂಜಿ ಕಡುಕಪ್ಪು, ಮೂಲೆಮೂಲೆಯಾದ ಸಣ್ಣ ಕಾಳು, ಮುರಿದರೆ ಒಳಗೆ ಬಿಳಿ. ಶಾಜೀರಾ ಕಂದು ಬಣ್ಣದ್ದು, ಸಪೂರ, ಬಾಗಿದ್ದು, ಘಮ ಬೇರೆ. ಕಾಡುಜೀರಿಗೆ ಇವೆರಡಕ್ಕಿಂತ ದಪ್ಪ, ಉದ್ದುದ್ದ ಗೆರೆಗಳಿರುವ ಮಾಸಲು ಬೀಜ, ರುಚಿ ಕಡುಕಹಿ.

ಸಸ್ಯಶಾಸ್ತ್ರದಲ್ಲಿ ಈ ಮೂರಕ್ಕೂ ನೆಂಟಸ್ತನವೇ ಇಲ್ಲ. ಕಲೋಂಜಿ ಅಂದರೆ ನಿಗೆಲ್ಲಾ ಸಟೈವಾ, ರನನ್‌ಕ್ಯುಲೇಸಿ ಕುಟುಂಬದ್ದು. ಶಾಜೀರಾ ಅಂದರೆ ಬೂನಿಯಂ ಪರ್ಸಿಕಂ, ಕೆಲವು ಕಡೆ ಕಾರಂ ಕಾರ್ವಿ. ಎರಡೂ ನಮ್ಮ ಕೊತ್ತಂಬರಿ, ಜೀರಿಗೆಯ ಕುಟುಂಬದವು. ಕಾಡುಜೀರಿಗೆ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಕನ್ನಡದಲ್ಲಿ ಕಲೋಂಜಿಗೆ ಕರಿಜೀರಿಗೆ, ಕೃಷ್ಣಜೀರಿಗೆ ಅನ್ನುತ್ತಾರೆ. ತೆಲುಗಿನಲ್ಲಿ ನಲ್ಲ ಜೀಲಕರ್ರ, ಕಾಸರಗೋಡಿನ ಕಡೆ ಮಲಯಾಳದಲ್ಲಿ ಕರಿಂಜೀರಕಂ, ಬಂಗಾಳಿಯಲ್ಲಿ ಕಾಲೋ ಜೀರೆ. ಎಲ್ಲದರ ಅರ್ಥವೂ ಕಪ್ಪು ಜೀರಿಗೆಯೇ. ಆದರೆ ಅದೇ ಅರ್ಥದ ಹಿಂದಿ ಮಾತು 'ಕಾಲಾ ಜೀರಾ' ಅಂದರೆ ಸಾಮಾನ್ಯವಾಗಿ ಶಾಜೀರಾ! ಅಂದರೆ ಆ ಹುಡುಗ ಸರಿಯಾಗಿ ಕೇಳಿಸಿಕೊಂಡಿದ್ದರೂ ಅಮ್ಮಿಗೆ ಕಲೋಂಜಿ ಸಿಗುತ್ತಿರಲಿಲ್ಲ. ಅವರು ಕನ್ನಡದ ಹೆಸರನ್ನು ತಲೆಯೊಳಗೆ ಉರ್ದುವಿಗೆ ತಿರುಗಿಸಿ ಹೇಳಿದ್ದರು.

ಈ ಬೀಜದ ವಿಷಯದಲ್ಲಿ ಗೊಂದಲ ಹೊಸದೇನಲ್ಲ. ಪ್ರವಾದಿ (ಸ) ಅವರ ವಚನದಲ್ಲಿ ಬರುವ 'ಅಲ್-ಹಬ್ಬತುಸ್ಸೌದಾ' ನಿಮಗೆ ಗೊತ್ತೇ ಇರುತ್ತದೆ. ಅರಬಿಯಲ್ಲಿ ಅದರ ಅರ್ಥ 'ಕರಿಬೀಜ', ಅಷ್ಟೇ. ಜಗತ್ತಿನಲ್ಲಿ ಕಪ್ಪು ಬೀಜಗಳು ಎಷ್ಟಿಲ್ಲ? ಸಹೀಹ್ ಬುಖಾರಿಯಲ್ಲಿ ಈ ಹದೀಸಿನ ಜೊತೆಗೇ ವರದಿಗಾರರಾದ ಇಬ್ನ್ ಶಿಹಾಬ್ ಅಝ್ಝುಹ್ರಿಯವರ ಒಂದು ಪುಟ್ಟ ವಿವರಣೆ ಇದೆ. ಕರಿಬೀಜ ಅಂದರೆ 'ಶೂನೀಝ್' ಎಂದು ಅವರು ಬಿಡಿಸಿ ಹೇಳಿದ್ದಾರೆ. ಶೂನೀಝ್ ಪರ್ಷಿಯನ್ ಮೂಲದ ಪದ. ಝುಹ್ರಿ ತೀರಿಕೊಂಡದ್ದು 742ರಲ್ಲಿ. ಅಷ್ಟು ಹಿಂದೆಯೇ ಅರಬಿ ಮಾತನಾಡುವವರಿಗೆ ಅರಬಿ ಹೆಸರನ್ನು ಇನ್ನೊಂದು ಭಾಷೆಯ ಹೆಸರಿನಿಂದ ಗುರುತಿಸಿ ತೋರಿಸಬೇಕಾಗಿತ್ತು! ಆಮೇಲೂ ಕೆಲವರು ಅದು ಸಾಸಿವೆ ಅಂದರು, ಕೆಲವರು ಬೇರೊಂದು ಮರದ ಕಾಯಿ ಅಂದರು. 14ನೇ ಶತಮಾನದ ಇಬ್ನ್ ಅಲ್-ಖಯ್ಯಿಮ್ ಆ ಎರಡೂ ಅಭಿಪ್ರಾಯ ತಪ್ಪು, ಅದು ಶೂನೀಝೇ ಎಂದು ಬರೆದರು. ಜೊತೆಗೆ ಇದನ್ನೇ ಕಪ್ಪು ಜೀರಿಗೆ ಅಂತಲೂ ಹಿಂದಿ ಜೀರಿಗೆ, ಅಂದರೆ ಹಿಂದೂಸ್ತಾನದ ಜೀರಿಗೆ ಅಂತಲೂ ಕರೆಯುತ್ತಾರೆ ಎಂದು ಸೇರಿಸಿದರು. ಅಮ್ಮಿಯ 'ಕಾಲಾ ಜೀರಾ' ಆಗಲೇ ಅಲ್ಲಿತ್ತು ನೋಡಿ.

ಔಷಧಿಯ ಪುಸ್ತಕ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಬಗ್ದಾದಿನ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕ್ರಿಸ್ತಶಕ ಮೊದಲ ಶತಮಾನದಲ್ಲಿ ಡಿಯೋಸ್ಕೊರಿಡೀಸ್ ಎಂಬ ವೈದ್ಯ ಗ್ರೀಕಿನಲ್ಲಿ ಔಷಧಿ ದ್ರವ್ಯಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದಿದ್ದ. 9ನೇ ಶತಮಾನದಲ್ಲಿ, ಖಲೀಫ ಅಲ್-ಮುತವಕ್ಕಿಲರ ಕಾಲದಲ್ಲಿ, ಇಸ್ತಿಫಾನ್ ಇಬ್ನ್ ಬಸೀಲ್ ಅದನ್ನು ಅರಬಿಗೆ ತಂದರು, ಹುನೈನ್ ಇಬ್ನ್ ಇಸ್‌ಹಾಕ್ ತಿದ್ದಿದರು. ಅರಬಿಯಲ್ಲಿ ಯಾವ ಹೆಸರು ಅಂತ ತಿಳಿದ ಗಿಡಕ್ಕೆ ಆ ಹೆಸರು ಬರೆದರು. ತಿಳಿಯದೇ ಹೋದರೆ ಗ್ರೀಕ್ ಹೆಸರನ್ನೇ ಅರಬಿ ಲಿಪಿಯಲ್ಲಿ ಬರೆದು ಬಿಟ್ಟರು, ಮುಂದೆ ಯಾರಾದರೂ ತಿಳಿದವರು ಬಂದು ತುಂಬಲಿ ಅಂತ. ನನಗೆ ಬಹಳ ಇಷ್ಟವಾದ ಸಂಗತಿ ಇದು. ಗೊತ್ತಿಲ್ಲದ ಕಡೆ ಊಹೆ ಮಾಡಿ ಒಂದು ಗಿಡದ ಹೆಸರು ಹಾಕಿದ್ದರೆ ಯಾವ ರೋಗಿಯ ಹೊಟ್ಟೆಗೆ ಏನು ಹೋಗುತ್ತಿತ್ತೋ!

ಬಿಟ್ಟ ಆ ಜಾಗಗಳನ್ನು ತುಂಬುವ ಕೆಲಸ ಸುಮಾರು ನೂರು ವರ್ಷದ ಮೇಲೆ ಸ್ಪೇನಿನ ಕೊರ್ಡೊಬಾದಲ್ಲಿ ಆಯಿತು. ಬೈಜಾಂಟಿಯಂ ಚಕ್ರವರ್ತಿ ಅಲ್ಲಿನ ಖಲೀಫ ಮೂರನೇ ಅಬ್ದುರ್ರಹ್ಮಾನರಿಗೆ ಅದೇ ಗ್ರಂಥದ ಚಿತ್ರಸಹಿತ ಗ್ರೀಕ್ ಪ್ರತಿಯನ್ನು ಉಡುಗೊರೆಯಾಗಿ ಕಳಿಸಿದ. ಕೊರ್ಡೊಬಾದಲ್ಲಿ ಗ್ರೀಕ್ ಓದುವವರೇ ಇರಲಿಲ್ಲ. ಕೇಳಿಕೊಂಡ ಮೇಲೆ 951ರಲ್ಲಿ ನಿಕೊಲಸ್ ಎಂಬ ಕ್ರೈಸ್ತ ಸನ್ಯಾಸಿ ಬಂದರು. ಅವರು, ಯಹೂದಿ ವೈದ್ಯ ಹಸ್ದಾಯ್ ಇಬ್ನ್ ಶಪ್ರೂತ್, ಊರಿನ ಮುಸ್ಲಿಂ ಹಕೀಮರು, ಎಲ್ಲ ಕೂತು ಒಂದೊಂದೇ ಗಿಡವನ್ನು ಗುರುತಿಸಿದರು. ನಮ್ಮಲ್ಲಿ ಇಂಥ ಕಥೆ ಹೇಳುವಾಗ ಎಲ್ಲವನ್ನೂ ನಮ್ಮವರೇ ಮಾಡಿದರು ಅಂತ ಎದೆ ತಟ್ಟಿಕೊಳ್ಳುವ ಚಾಳಿ ಇದೆ. ಆದರೆ ಬಗ್ದಾದಿನ ಹುನೈನ್ ಕೂಡ ಕ್ರೈಸ್ತರೇ. ಅರಬಿ ಅವರೆಲ್ಲರೂ ಕೂತು ಮಾತಾಡಿದ ಜಗಲಿಯಾಗಿತ್ತು.

ಆಮೇಲೆ ಬಂದ ಅಲ್-ಬಿರೂನಿ ನಮಗೆ ಇನ್ನೂ ಹತ್ತಿರದವರು. ಸಂಸ್ಕೃತ ಕಲಿತು ಹಿಂದೂಸ್ತಾನದ ಬಗ್ಗೆ ಗ್ರಂಥ ಬರೆದವರೆಂದು ಶಾಲೆಯಲ್ಲಿ ಓದಿರುತ್ತೀರಿ. ಅವರು ಮುದಿವಯಸ್ಸಿನಲ್ಲಿ ಬರೆದದ್ದು 'ಕಿತಾಬ್ ಅಸ್ಸೈದನಾ', ಔಷಧಿ ದ್ರವ್ಯಗಳ ಪುಸ್ತಕ. ಒಂದೊಂದು ದ್ರವ್ಯಕ್ಕೂ ಅರಬಿ, ಗ್ರೀಕ್, ಸಿರಿಯಾಕ್, ಪರ್ಷಿಯನ್, ಹಿಂದೂಸ್ತಾನಿ ಹೆಸರುಗಳನ್ನು ಹುಡುಕಿ ಬರೆದಿದ್ದಾರೆ. 13ನೇ ಶತಮಾನದಲ್ಲಿ ಮಲಗಾದ ಇಬ್ನ್ ಅಲ್-ಬೈತಾರ್ ಸ್ಪೇನಿನಿಂದ ಹೊರಟು ಉತ್ತರ ಆಫ್ರಿಕಾ ಸುತ್ತಿ ಡಮಾಸ್ಕಸ್‌ನಲ್ಲಿ 1248ರಲ್ಲಿ ತೀರಿಕೊಂಡರು. ಸುಮಾರು 1,400 ದ್ರವ್ಯಗಳ ಅವರ ಗ್ರಂಥದಲ್ಲಿ ಬರ್ಬರ್ ಭಾಷೆಯ ಹೆಸರುಗಳೂ ಇವೆ. ಯಾವ ಊರಿನ ಹೆಸರನ್ನೂ ಇವರು 'ಹಳ್ಳಿಯವರ ಮಾತು' ಅಂತ ಬಿಸಾಡಲಿಲ್ಲ.

ಸ್ವೀಡನ್ನಿನ ಲಿನೇಯಸ್ 1753ರಲ್ಲಿ 'ಸ್ಪೀಷೀಸ್ ಪ್ಲಾಂಟರಂ' ಪ್ರಕಟಿಸಿ, ಪ್ರತಿ ಗಿಡಕ್ಕೂ ಎರಡೇ ಪದದ ಹೆಸರು ಎಂಬ ಪದ್ಧತಿ ತಂದದ್ದು ಇದೆಲ್ಲ ಆದ ಮೇಲೆ. ಅದಕ್ಕೂ ಮೊದಲು ಯುರೋಪಿನ ಪಂಡಿತರು ಒಂದು ಗಿಡವನ್ನು ಹೆಸರಿಸಲು ಉದ್ದದ ಒಂದು ವಾಕ್ಯವನ್ನೇ ಬರೆಯುತ್ತಿದ್ದರು. ಹೊಸ ಪದ್ಧತಿಯ ಅನುಕೂಲ ದೊಡ್ಡದು. ನಿಗೆಲ್ಲಾ ಸಟೈವಾ ಅಂದರೆ ಕೂಕಟ್‌ಪಲ್ಲಿಯಲ್ಲೂ ಕೈರೋದಲ್ಲೂ ಅದೊಂದೇ ಗಿಡ. ನಿಗೆಲ್ಲಾ ಅಂದರೆ 'ಪುಟ್ಟ ಕರಿಯದು', ಸಟೈವಾ ಅಂದರೆ 'ಬಿತ್ತಿ ಬೆಳೆಯುವುದು'. ಹದೀಸಿನ ಹೆಸರಿನಲ್ಲಿದ್ದ ಕಪ್ಪು ಲ್ಯಾಟಿನ್ನಿಗೂ ಬಂತು.

ಶಾಲೆ ಕಾಲೇಜಿನ ಮಕ್ಕಳು ಈ ಲ್ಯಾಟಿನ್ ಹೆಸರುಗಳನ್ನು ಪರೀಕ್ಷೆಗಾಗಿ ಉರು ಹೊಡೆಯುತ್ತಾರೆ, ಅದು ಬಿಳಿಯರ ಭಾಷೆ, ನಮಗೇನು ಸಂಬಂಧ ಅಂದುಕೊಳ್ಳುತ್ತಾರೆ. ಸ್ವಲ್ಪ ಕೆರೆದು ನೋಡಿ. ಅಡಿಕೆಯ ಶಾಸ್ತ್ರೀಯ ಹೆಸರು ಅರೇಕಾ ಕಟೇಚು. ಅರೇಕಾ ಬಂದದ್ದು ನಮ್ಮ ಅಡಿಕೆ, ಮಲಯಾಳದ ಅಡಯ್ಕ ಎಂಬ ಮಾತು ಪೋರ್ಚುಗೀಸರ ಬಾಯಲ್ಲಿ ತಿರುಚಿಕೊಂಡು. ಕಟೇಚು ಅಂದರೆ ನಮ್ಮ ಕಾಚು! ಕಾಚು ಬರುವುದು ಬೇರೆ ಮರದಿಂದ, ಆದರೆ ಎಲೆಯಡಿಕೆಯ ತಟ್ಟೆಯಲ್ಲಿ ಎರಡೂ ಒಟ್ಟಿಗೆ ಇದ್ದವಲ್ಲ, ಹೆಸರಿನಲ್ಲೂ ಒಟ್ಟಿಗೆ ಕೂತವು. ಬಸಳೆಯ ಹೆಸರು ಬಸೆಲ್ಲಾ ಆಲ್ಬಾ. ಇದು ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೊರ್ಟಸ್ ಮಲಬಾರಿಕಸ್' ಮೂಲಕ ಹೋದ ಹೆಸರು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾದ ಆ ಗ್ರಂಥಕ್ಕೆ ಗಿಡಗಳ ವಿವರ ಕೊಟ್ಟವರು ಇಟ್ಟಿ ಅಚ್ಯುದನ್ ಎಂಬ ಈಳವ ವೈದ್ಯರು ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರು. ಅದರ ಚಿತ್ರಗಳ ಮೇಲೆ ಗಿಡದ ಹೆಸರು ಲ್ಯಾಟಿನ್ ಲಿಪಿಯ ಜೊತೆಗೆ ಮಲಯಾಳ, ಅರಬಿ, ನಾಗರಿ ಲಿಪಿಗಳಲ್ಲೂ ಇದೆ. ಲಿನೇಯಸ್ ಆ ಗ್ರಂಥವನ್ನು ಬಳಸಿಕೊಂಡ.

ಬಸಳೆ ಅಂದಾಗ ನೆನಪಾಯಿತು. ಕೂಕಟ್‌ಪಲ್ಲಿಯ ರೈತು ಬಜಾರಿನಲ್ಲಿ ಬಸಳೆಗೆ ಬಚ್ಚಲಿ ಅನ್ನುತ್ತಾರೆ. "ಬಚ್ಚಲಿ ಕೂರ, ಬಚ್ಚಲಿ ಕೂರ" ಎಂಬ ಕೂಗು ಮೊದಲ ಸಲ ಕೇಳಿದ ನಮ್ಮ ಕಡೆಯವರು ನಗದೇ ಇರಲಾರರು. ಆದರೆ ನಮ್ಮ ಹಳ್ಳಿಮನೆಗಳಲ್ಲಿ ಬಸಳೆ ಬಳ್ಳಿ ಹಬ್ಬಿಸುವುದು ಎಲ್ಲಿ ಹೇಳಿ? ಬಚ್ಚಲ ನೀರು ಹೋಗುವ ಕಡೆಯೇ!

ಅದೇ ಬಜಾರಿನ ಇನ್ನೊಂದು ಸೊಪ್ಪು ನಮ್ಮ ಮನೆಗೆ ಊರನ್ನೇ ತಂದುಕೊಡುತ್ತದೆ. ಆಂಧ್ರದವರು ಅದಕ್ಕೆ ಗೋಂಗೂರ ಅನ್ನುತ್ತಾರೆ. ತೆಲಂಗಾಣದ ಹಳ್ಳಿಯಿಂದ ಬಂದ ಅಜ್ಜಿ ಮಾತ್ರ ಪುಂಟಿಕೂರ ಅನ್ನುತ್ತಾಳೆ. ನಮ್ಮ ಕಲಬುರಗಿಯಲ್ಲಿ ಅದು ಪುಂಡಿಪಲ್ಯ. ಪುಂಟಿ, ಪುಂಡಿ, ಎಷ್ಟು ದೂರ? ದಖನಿಯಲ್ಲಿ ಅಂಬಾಡಾ, ಅಂಬಾಡೆ ಕಿ ಭಾಜಿ. 1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಕ್ಷೆಯ ಮೇಲೆ ಗೆರೆ ಎಳೆದಾಗ ಜನ ಬೇರೆಯಾದರು, ಪುಂಡಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಸ್ಯಶಾಸ್ತ್ರ ಇಲ್ಲಿ ಒಂದು ತಕರಾರು ತೆಗೆಯುತ್ತದೆ. ಪುಂಡಿ ಎಂಬ ಒಂದೇ ಹೆಸರಿನಡಿ ಎರಡು ಗಿಡಗಳಿವೆ, ಹಿಬಿಸ್ಕಸ್ ಕ್ಯಾನಬಿನಸ್ ಮತ್ತು ಹಿಬಿಸ್ಕಸ್ ಸಬ್ದರಿಫಾ. ಮೊದಲನೆಯದರ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಎರಡನೆಯದರ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸಿ ಮಾಡುವ ಪಾನೀಯವೇ ಈಜಿಪ್ಟ್, ಸುಡಾನಿನ ಕರ್ಕದೆ. ಉಮ್ರಾಗೆ ಹೋದವರು ಅಲ್ಲಿ ಕರ್ಕದೆ ಕುಡಿದು ಬಂದು ವರ್ಣಿಸುತ್ತಾರೆ. ಅದರ ಎಲೆಯ ಪಲ್ಯ ಊರಲ್ಲಿ ಜೋಳದ ರೊಟ್ಟಿ ಜೊತೆ ತಿಂದೇ ಬೆಳೆದದ್ದು ಅಂತ ಅವರಿಗೆ ಹೇಳಿ ನೋಡಿ, ನಂಬುವುದಿಲ್ಲ.

ಈಗ ಹುಣಸೆ. ಅರಬರು ಇದನ್ನು 'ತಮ್ರ್ ಹಿಂದಿ' ಅಂದರು, ಹಿಂದೂಸ್ತಾನದ ಖರ್ಜೂರ. ಅದು ಲ್ಯಾಟಿನ್ನಿನಲ್ಲಿ ಟ್ಯಾಮರಿಂಡಸ್ ಆಯಿತು. ಲಿನೇಯಸ್ ಅದಕ್ಕೆ ಇಂಡಿಕಾ ಅಂತ ಬಾಲ ಹಚ್ಚಿದ. ಹೀಗೆ ಹಿಂದೂಸ್ತಾನ ಒಂದೇ ಹೆಸರಿನಲ್ಲಿ ಎರಡು ಸಲ ಬಂತು. ತಮಾಷೆ ಅಂದರೆ ಹುಣಸೆ ಖರ್ಜೂರವೂ ಅಲ್ಲ, ಅದರ ಮೂಲ ಹಿಂದೂಸ್ತಾನವೂ ಅಲ್ಲ, ಆಫ್ರಿಕಾ. ಆದರೆ ಬಹಳ ಹಿಂದೆ ಬಂದು ಎಷ್ಟು ನಮ್ಮದಾಯಿತು ಎಂದರೆ ಅದು ಹೊರಗಿನದು ಅಂತ ಯಾರೂ ಹೇಳಲಾರರು. ತೆಲುಗಿನಲ್ಲಿ ಅದು ಚಿಂತ, ಉರ್ದುವಿನಲ್ಲಿ ಇಮ್ಲಿ. ಹೈದರಾಬಾದಿನ ಅಫ್ಜಲ್‌ಗಂಜಿನಲ್ಲಿ, ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ, ಒಂದು ಹಳೇ ಹುಣಸೆ ಮರ ಇದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರನ್ನೇ ನುಂಗಿದಾಗ ಸುಮಾರು 150 ಜನ ಆ ಮರ ಹತ್ತಿ ಜೀವ ಉಳಿಸಿಕೊಂಡರು ಅಂತ ಹೇಳುತ್ತಾರೆ. ಕವಿ ಅಮ್ಜದ್ ಹೈದರಾಬಾದಿ ಅದೇ ನೆರೆಯಲ್ಲಿ ತಾಯಿ, ಹೆಂಡತಿ, ಮಗಳನ್ನು ಕಳೆದುಕೊಂಡರು. ಆ ದಿನ ಆ ಮರದ ಮೇಲಿದ್ದವರಲ್ಲಿ ಚಿಂತ ಅನ್ನುವವರೂ ಇಮ್ಲಿ ಅನ್ನುವವರೂ ಇದ್ದಿರಲೇಬೇಕು.

ಹುಣಸೆಯ ಹೆಸರು ಇನ್ನೊಂದು ಮರಕ್ಕೂ ಅಂಟಿಕೊಂಡಿದೆ. ಗೋಲ್ಕೊಂಡಾದ ನಯಾ ಕಿಲಾದಲ್ಲಿ ಒಂದು ಭಾರೀ ಬಾವೊಬಾಬ್ ಮರ ಇದೆ. ಜನ ಅದಕ್ಕೆ 'ಹತಿಯಾನ್ ಕಾ ಝಾಡ್', ಆನೆಮರ ಅನ್ನುತ್ತಾರೆ. ಕಾಂಡ ನೋಡಿದರೆ ಹೆಸರು ಒಪ್ಪುತ್ತದೆ. ಇದೇ ಮರ ಹಾವೇರಿ ಜಿಲ್ಲೆಯ ಸವಣೂರಿನಲ್ಲೂ ಇದೆ, ಅಲ್ಲಿ ಅದರ ಹೆಸರು 'ದೊಡ್ಡಹುಣಸೆ'. ಅಲ್ಲಿನ ಮಠಕ್ಕೇ ದೊಡ್ಡಹುಣಸೆ ಮಠ ಎಂಬ ಹೆಸರು ಬಂದಿದೆ. ವಿಜಯಪುರದಲ್ಲೂ ಇಂಥ ಮರಗಳಿವೆ. ಹಿಂದಿಯಲ್ಲಿ ಗೋರಖ್ ಇಮ್ಲಿ. ಹುಣಸೆಯ ಕುಲಕ್ಕೂ ಇದಕ್ಕೂ ಸಂಬಂಧವಿಲ್ಲ, ಕಾಯಿಯೊಳಗಿನ ತಿರುಳು ಹುಳಿ, ಅಷ್ಟೇ. ಮರ ಆಫ್ರಿಕಾದ್ದು. ಗೋಲ್ಕೊಂಡಾ, ವಿಜಯಪುರ, ಸವಣೂರು ಎಲ್ಲ ದಖನಿನ ಸುಲ್ತಾನರ, ನವಾಬರ ಊರುಗಳು. ಆಫ್ರಿಕಾದಿಂದ ಬಂದ ಹಬ್ಶಿ ಸೈನಿಕರು, ಅರಬ್ ವ್ಯಾಪಾರಿಗಳು ಓಡಾಡಿದ ದಾರಿ. ಬೀಜ ಅವರ ಚೀಲದಲ್ಲೇ ಬಂದಿರಬೇಕು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಬಾವೊಬಾಬ್ ಎಂಬ ಹೆಸರಿನ ಬೇರು ಅರಬಿಯಲ್ಲಿದೆ, 'ಬಹಳ ಬೀಜದ ಹಣ್ಣು' ಎಂಬ ಅರ್ಥದ್ದು ಅನ್ನುತ್ತಾರೆ. ಪ್ರೋಸ್ಪೆರೊ ಆಲ್ಪಿನಿ ಎಂಬ ಇಟಲಿಯ ವೈದ್ಯ ಈಜಿಪ್ಟಿನಲ್ಲಿ ಕೇಳಿದ್ದನ್ನು 1592ರಲ್ಲಿ ಅಚ್ಚು ಹಾಕಿಸಿದ. ಶಾಸ್ತ್ರೀಯ ಹೆಸರು ಅಡನ್ಸೋನಿಯಾ ಡಿಜಿಟೇಟಾ. ಸೆನೆಗಲ್‌ಗೆ ಹೋಗಿ ಈ ಮರ ಅಭ್ಯಾಸ ಮಾಡಿದ ಫ್ರೆಂಚ್ ವಿಜ್ಞಾನಿ ಮಿಶೆಲ್ ಅಡನ್ಸನ್ ಗೌರವಕ್ಕೆ ಇಟ್ಟದ್ದು. ಆ ಅಡನ್ಸನ್ ಮಾತ್ರ ಸ್ಥಳೀಯರ ಹೆಸರೇ ಇರಲಿ ಅನ್ನುವ ಪಂಥದವನು. ತನ್ನ ಹೆಸರಿನ ಮರವನ್ನೂ ಬಾವೊಬಾಬ್ ಅಂತಲೇ ಕರೆಯುತ್ತಿದ್ದ.

ಹಾಗಂತ ಲ್ಯಾಟಿನ್ ಹೆಸರು ಹಚ್ಚಿದ ಮಾತ್ರಕ್ಕೆ ಎಲ್ಲ ತಕರಾರೂ ಮುಗಿಯುವುದಿಲ್ಲ. ಕಾಡುಜೀರಿಗೆಗೇ ಇದುವರೆಗೆ ವೆರ್ನೋನಿಯಾ, ಸೆಂಟ್ರಾಥೆರಂ, ಬಕಾರಾಯಿಡಿಸ್ ಅಂತ ಕುಲದ ಹೆಸರು ಬದಲಾಗುತ್ತ ಬಂದಿದೆ. ಬದಲಾಗದೆ ಉಳಿದದ್ದು ಎರಡನೇ ಪದ, ಅಂತೆಲ್ಮಿಂಟಿಕಾ. ಹೊಟ್ಟೆಯ ಹುಳ ಕೊಲ್ಲುವುದು ಅಂತ ಅರ್ಥ. ಅಮ್ಮಿಗೆ ಇದನ್ನು ಹೇಳಿದಾಗ "ಹುಳ ಏನು, ನಾನೇ ಹೋಗುತ್ತಿದ್ದೆ" ಅಂದರು.

ಯುನಾನಿಯ ಗಾವ್‌ಜಬಾನಿನ ಸಂಗತಿ ಇನ್ನೂ ಗೋಜಲು. ಗ್ರೀಕಿನಲ್ಲಿ ಬೂಗ್ಲೊಸ್ಸೊನ್, ಅರಬಿಯಲ್ಲಿ ಲಿಸಾನುಸ್ಸೌರ್, ಪರ್ಷಿಯನ್ನಿನಲ್ಲಿ ಗಾವ್‌ಜಬಾನ್. ಮೂರರ ಅರ್ಥವೂ ದನದ ನಾಲಿಗೆ, ಎಲೆ ಅಷ್ಟು ಒರಟು. ಮಾತು ಸರಿಯಾಗಿ ದಾಟಿ ಬಂತು, ಗಿಡ ದಾಟಲಿಲ್ಲ. ಪುಸ್ತಕಗಳಲ್ಲಿ ಕೆಲವರು ಅದು ಬೊರಾಗೊ ಅಫಿಸಿನಾಲಿಸ್ ಅನ್ನುತ್ತಾರೆ, ನಮ್ಮ ಪೇಟೆಯಲ್ಲಿ ಆ ಹೆಸರಿಗೆ ಹೆಚ್ಚಾಗಿ ಸಿಗುವುದು ಒನೊಸ್ಮಾ ಬ್ರಾಕ್ಟಿಯೇಟಂ. ನಮ್ಮ ಬ್ರಾಹ್ಮಿಯೂ ಹಾಗೆಯೇ. ಕೆಲವರು ಒಂದೆಲಗವನ್ನು ಬ್ರಾಹ್ಮಿ ಅನ್ನುತ್ತಾರೆ, ಕೆಲವರು ನೀರಿನ ಬದಿ ಹಬ್ಬುವ ಬಕೋಪಾವನ್ನು. ಕೂಕಟ್‌ಪಲ್ಲಿಯಿಂದ ಅಮೀರ್‌ಪೇಟೆ ಕಡೆ ಹೋಗುವ ದಾರಿಯಲ್ಲೇ ಎರ್ರಗಡ್ಡದಲ್ಲಿ ಕೇಂದ್ರ ಸರಕಾರದ ಯುನಾನಿ ಸಂಶೋಧನಾ ಸಂಸ್ಥೆ ಇದೆ. ಇಂಥ ದ್ರವ್ಯಗಳ ಬಗ್ಗೆ ನಡೆಯುವ ಯಾವ ಸಂಶೋಧನೆಗೂ ಮೊದಲ ಪ್ರಶ್ನೆ ಒಂದೇ, ಇದು ಯಾವ ಗಿಡ? ಅದು ಇತ್ಯರ್ಥವಾಗದೆ ಗುಣ ಆಯಿತು, ಆಗಲಿಲ್ಲ ಎಂಬ ಮಾತಿಗೆ ಅರ್ಥವಿಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ವಿನಂತಿ, ವಿಶೇಷವಾಗಿ ಸಸ್ಯಶಾಸ್ತ್ರ, ಫಾರ್ಮಸಿ, ಯುನಾನಿ ಓದುವ ಮಕ್ಕಳಲ್ಲಿ. ನಾನಿ, ದಾದಿಯರ ಹತ್ತಿರ ಕೂತು ಅವರು ಬಳಸುವ ಗಿಡಗಳ ಹೆಸರನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ, ಬ್ಯಾರಿಯೋ ನವಾಯಿತಿಯೋ ದಖನಿಯೋ ಯಾವುದಾದರೂ ಸರಿ. ಅದರ ಪಕ್ಕದಲ್ಲಿ ಶಾಸ್ತ್ರೀಯ ಹೆಸರು ಬರೆಯಿರಿ. ಗೊತ್ತಾಗದಿದ್ದರೆ ಇಸ್ತಿಫಾನ್ ಮಾಡಿದ ಹಾಗೆ ಜಾಗ ಖಾಲಿ ಬಿಡಿ. ಗೂಗಲ್‌ನಲ್ಲಿ ಕಂಡ ಮೊದಲ ಹೆಸರನ್ನು ತುಂಬಿಬಿಡಬೇಡಿ.

ನಮ್ಮ ಮನೆಯಲ್ಲಿ ಈಗ ಮಸಾಲೆ ಡಬ್ಬಿಗಳ ಮೇಲೆಲ್ಲ ಚೀಟಿ ಅಂಟಿಸಿದ್ದೇವೆ. ಮೇಲೆ ಉರ್ದು, ಕೆಳಗೆ ಕನ್ನಡ, ತೆಲುಗು, ಕೊನೆಗೆ ಲ್ಯಾಟಿನ್. ಒಂದು ಡಬ್ಬಿಗೆ ಮಾತ್ರ ಅರ್ಧ ಚೀಟಿ. ಅದರಲ್ಲಿ ಅಮ್ಮಿ ಊರಿಂದ ತಂದ ಒಣ ಎಲೆ ಇದೆ, ಕೆಮ್ಮಿಗೆ ಕಷಾಯ ಮಾಡುವುದು. ಅವರು ಹೇಳುವ ಹೆಸರು ಅವರ ಹಳ್ಳಿ ದಾಟಿ ಎಲ್ಲೂ ಯಾರಿಗೂ ಗೊತ್ತಿಲ್ಲ. ಹಕೀಮರಿಗೂ ತೋರಿಸಿದೆ. ಎಲೆಯ ಚೂರಿನಿಂದ ಹೇಳಲಾಗದು, ಹೂವಿರುವಾಗ ಒಂದು ಟೊಂಗೆ ತಾ ಅಂದಿದ್ದಾರೆ. ಮಳೆಗಾಲ ಮುಗಿದ ಮೇಲೆ ಅದು ಹೂ ಬಿಡುತ್ತದೆ ಅಂತ ಅಮ್ಮಿ ಹೇಳಿದರು.